ಕೊಡಕ್ಕೆ ಹತ್ತೂವರೆ ಪೈಸೆ

ಬಿಣಗಾ ಘಾಟಿ ಇಳಿದ ಮೇಲೆ, ಗಾಳಿಮರದ ಬುಡದಲ್ಲಿ
ನನ್ನ ಪ್ಲಾಸ್ಟಿಕ್ ಕುರ್ಚಿ, ನಗರಸಭೆಯ ರಸೀದಿ ಪುಸ್ತಕ,
ಹಾರದಂತೆ ಅದರ ಮೇಲೊಂದು ಕಲ್ಲು.
ಹುದ್ದೆಗೆ ಹೆಸರಿಲ್ಲ.
ಆದೇಶದಲ್ಲಿ ‘ಎಣಿಸುವವರು’ ಎಂದಷ್ಟೇ ಇದೆ.

ಐದು ಗಂಟೆಗೆ ಮೊದಲ ಟ್ಯಾಂಕರು
ಚೆಂಡಿಯೆ ಕಡೆಯಿಂದ, ಮೈಯೆಲ್ಲ ಸೋರುತ್ತ,
ಡಾಂಬರಿನ ಮೇಲೆ ಒದ್ದೆ ಗೆರೆ ಎಳೆಯುತ್ತ.
ಆ ಗೆರೆಗೆ ಸುಂಕವಿಲ್ಲ. ಒಳಗೆ ಉಳಿದದ್ದಕ್ಕೆ ಇದೆ:
ಸಾವಿರ ಲೀಟರಿಗೆ ಏಳು ರೂಪಾಯಿ,
ಆರು ಸಾವಿರಕ್ಕೆ ನಲವತ್ತೆರಡು.
ಈ ದುಡ್ಡು ಕೋಡಿಬಾಗದ ಪೈಪಿಗೆ ಮಾತ್ರ,
ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ ಎಂದು
ರಸೀದಿಯ ಹಿಂದೆ ಅಚ್ಚಾಗಿದೆ,
ಯಾರೂ ತಿರುಗಿಸಿ ನೋಡದ ಬದಿಯಲ್ಲಿ.

ಪುಂಡಲೀಕ ಮಾಜಾಳಿಕರ ಕೆಳಗಿಳಿಯುವುದಿಲ್ಲ. ಕಿಟಕಿಯಿಂದಲೇ:
“ಬಾವಿ ತೋಡಿದ್ದು ನನ್ನ ಅಜ್ಜ, ಬಾಯೀ.
ಪಂಪು ನನ್ನದು, ಡೀಸೆಲ್ ನನ್ನದು, ಕರೆಂಟು ಬಿಲ್ಲು ನನ್ನದು.
ನಗರಸಭೆ ಇದರೊಳಗೆ ಎಂತ ಹಾಕಿದೆ, ಹೇಳು?”
ನಾನು ಹೇಳಲಿಲ್ಲ.
ಅಜ್ಜನ ಬಾವಿಯಲ್ಲಿರುವುದು ಅಜ್ಜ ಸುರಿದ ನೀರಲ್ಲ ಎಂದು
ಆಮೇಲೆ, ಊಟದ ಡಬ್ಬಿ ತೆರೆಯುವಾಗ ಹೊಳೆಯಿತು.
ಒಳ್ಳೆಯ ಉತ್ತರಗಳು ನನಗೆ ಬರುವುದೇ ಮಧ್ಯಾಹ್ನ.

ಐವತ್ತರ ನೋಟು ಕೊಟ್ಟ. ಚಿಲ್ಲರೆ ಇರಲಿಲ್ಲ.
ಎಂಟು ರೂಪಾಯಿ ಬಾಕಿ ಎಂದು
ಪುಸ್ತಕದ ರಟ್ಟಿನ ಒಳಮೈಗೆ ಬರೆದುಕೊಂಡೆ.

ಕೋಡಿಬಾಗದಲ್ಲೇ ನಮ್ಮ ಮನೆ.
ಏಪ್ರಿಲ್ ಬಂತೆಂದರೆ ಕಾಳಿನದಿ
ಕಡಲನ್ನು ಕೈಹಿಡಿದು ಬಾವಿಯ ತನಕ ಕರೆತರುತ್ತದೆ.
ಬೇಳೆ ಬೇಯುವುದಿಲ್ಲ. ಸೋಪು ನೊರೆಯಾಗುವುದಿಲ್ಲ.
ಆಯಿ ಕೊಡ ಕೊಳ್ಳುವುದೂ ಮಾಜಾಳಿಕರನಿಂದಲೇ.
ಸುಂಕ ಬಂದ ಮರುವಾರ ಅವನು
ಕೊಡಕ್ಕೆ ಒಂದು ರೂಪಾಯಿ ಏರಿಸಿದ.
“ನಿನ್ನ ಪುಸ್ತಕ ನನ್ನ ಕೊಡಕ್ಕೇ ಕೈ ಹಾಕಿತಲ್ಲೇ”
ಬಂಗುಡೆಯ ಕಿವಿರು ಕೀಳುತ್ತ ಆಯಿ ಅಂದಳು,
ನನ್ನ ಮುಖ ನೋಡದೆ.

ರಾತ್ರಿ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆ.
ಹದಿನೈದು ಲೀಟರಿನ ಕೊಡ, ಟ್ಯಾಂಕರಿಗೆ ನಾನೂರು.
ನಲವತ್ತೆರಡನ್ನು ನಾನೂರು ಕೊಡಗಳಿಗೆ ಹಂಚಿದರೆ
ಕೊಡಕ್ಕೆ ಹತ್ತೂವರೆ ಪೈಸೆ.
ಉಳಿದ ಎಂಬತ್ತೊಂಬತ್ತೂವರೆ
ಯಾವ ಆದೇಶದಲ್ಲೂ ಇಲ್ಲ, ಯಾವ ರಸೀದಿಯಲ್ಲೂ ಇಲ್ಲ.
ಬೈಗುಳ ಮಾತ್ರ ಪೂರ್ತಿ ನಗರಸಭೆಯ ಹೆಸರಿಗೆ ಜಮಾ.

ಬೆಳಿಗ್ಗೆ ಸಾಲಿನಲ್ಲಿ ನಿಂತವರಿಗೆ ಓದಿ ಹೇಳಿದೆ.
“ಪೈಸೆ ಈಗ ಯಾರ ಹತ್ತಿರ ಉಂಟೇ?” ಎಂದು ನಕ್ಕಳು ಮುಕ್ತಾ ಹರಿಕಂತ್ರ.
ಆದರೂ ಅವಳೇ ಕೊಡ ಕೆಳಗಿಟ್ಟು
ಪೈಪಿನ ಬಾಯಿಗೆ ಅಂಗೈ ಒತ್ತಿ ಹಿಡಿದಳು.
ಅರ್ಧ ರೂಪಾಯಿ ಇಳಿಯಿತು.
ಅಷ್ಟೇ. ಕ್ರಾಂತಿಯೇನೂ ಆಗಲಿಲ್ಲ.

ಹನ್ನೊಂದು ತಿಂಗಳು.
ಬಂದರಿನ ಐಸ್ ಫ್ಯಾಕ್ಟರಿಗೆ ಹೋದ ನೀರು,
ಟ್ರಾಲರುಗಳ ಡ್ರಮ್ಮಿಗೆ ಇಳಿದ ನೀರು,
ಯಾವುದೋ ರೆಸಾರ್ಟಿನ ಈಜುಕೊಳದಲ್ಲಿ ಸುಮ್ಮನೆ ಮಲಗಿದ ನೀರು
ಎಲ್ಲ ನನ್ನ ಕಾರ್ಬನ್ ಹಾಳೆಯಿಂದ ನೀಲಿಯಾಗಿ ದಾಟಿ ಹೋಯಿತು.
ನಡುವೆ ಎರಡು ತಿಂಗಳು ಹಣ ಎಲ್ಲಿದೆಯೆಂದೇ ಯಾರಿಗೂ ಗೊತ್ತಿರಲಿಲ್ಲ.
ಆಮೇಲೆ ಒಂದು ದಿನ ಮಣ್ಣು ಅಗೆದರು.

ನಲ್ಲಿ ಮೊದಲು ಕೆಮ್ಮಿತು,
ಮುದುಕನ ಹಾಗೆ ತುಕ್ಕು ಉಗುಳಿತು,
ಮತ್ತೆ ಸುಮ್ಮನಾಯಿತು. ಎಲ್ಲರೂ ನನ್ನನ್ನೇ ನೋಡಿದರು,
ಪೈಪಿನೊಳಗೆ ನಾನೇ ಕುಳಿತಿರುವ ಹಾಗೆ.
ಆಮೇಲೆ ಬಂತು.

ಮಾಜಾಳಿಕರನೂ ಬಂದಿದ್ದ, ಮೊದಲ ಸಲ ಲಾರಿಯಿಂದ ಇಳಿದು.
ನನಗಿಂತ ಗಿಡ್ಡ ಎಂದು ಅವತ್ತು ತಿಳಿಯಿತು.
ಬೊಗಸೆ ಹಿಡಿದು ಬಾಯಿಗೆ ಹಾಕಿಕೊಂಡ,
ಒಳಗೆ ಹೊರಳಿಸಿದ, ನುಂಗಿದ.
“ಉಪ್ಪಿಲ್ಲ” ಅಂದ. “ನನ್ನ ತಿಥಿಗೆ ನಾನೇ ಚಂದಾ ಕೊಟ್ಟೆ.”
ಆಮೇಲೆ ಕೈ ಒರೆಸಿಕೊಂಡು:
“ಬಾಯೀ, ನನ್ನ ಎಂಟು ರೂಪಾಯಿ ಬರಬೇಕಿತ್ತು.”
ಕೊಟ್ಟೆ. ಎಣಿಸಿ ಜೇಬಿಗಿಟ್ಟ.

ಮನೆಯಲ್ಲಿ ಬೇಳೆ ಮೂರು ಸೀಟಿಗೆ ಬೆಂದಿತ್ತು.
ಮೂಲೆಯಲ್ಲಿ, ತಟ್ಟೆ ಮುಚ್ಚಿ,
ನಿನ್ನೆ ಕೊಂಡ ಒಂದು ಕೊಡ ಹಾಗೇ ಇತ್ತು.
“ಇರಲಿ” ಅಂದಳು ಆಯಿ.
“ನಲ್ಲಿಯನ್ನು ಇಷ್ಟು ಬೇಗ ನಂಬುವುದು ಬೇಡ.”